ತಳ ಹಿಡಿದ ಅನ್ನಕ್ಕೆ 18 ಡಾಲರ್

ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ ಸನ್ನಿವೇಲ್ ದಾಟುವಾಗ ಎರಡು ದೋಸೆ ಹೋಟೆಲು ಹಿಂದಕ್ಕೆ ಸರಿದವು. ಮಾವ ಎರಡಕ್ಕೂ ಕತ್ತು ಹೊರಳಿಸಿ ನೋಡಿದರು, ಏನೂ ಅನ್ನಲಿಲ್ಲ. ಸಾಂಟಾ ಕ್ಲಾರಾದಲ್ಲಿ ಕೊರಿಯನ್ ಬೋರ್ಡುಗಳು ಶುರುವಾಗುತ್ತಲೇ ಹಿಂದಿನ ಸೀಟಿನಲ್ಲಿ ನನ್ನ ಮಗಳು ಕುಣಿದಾಡಿದಳು. ಕೊರಿಯನ್ ಧಾರಾವಾಹಿ ನೋಡಿ ನೋಡಿ ಆ ದೇಶಕ್ಕೇ ಸೊಸೆಯಾಗಿ ಹೋದವಳಂತೆ ಮಾತಾಡುತ್ತಾಳೆ. ಮೈಸೂರಿನಿಂದ ಬಂದ ಅಜ್ಜಿ-ತಾತನಿಗೆ ಕೊರಿಯನ್ ಊಟ ಮಾಡಿಸುವುದು ಅವಳದೇ ಹಟ.

ಕೂತ ಐದು ನಿಮಿಷಕ್ಕೆ ಮೇಜಿನ ಮೇಲೆ ಏಳು ಪುಟ್ಟ ಬಟ್ಟಲು ಬಂದವು. ಪಾಲಕ್ಕು, ಮೊಳಕೆಕಾಳು, ಮೂಲಂಗಿ... ಅತ್ತೆಯ ಮುಖ ಅರಳಿತು. “ಎಲೆ ತುದಿಗೆ ಬಡಿಸಿದ ಹಾಗಿದೆ ಕಣೇ!” ಇವು ಪುಕ್ಕಟೆ, ಖಾಲಿಯಾದರೆ ಮತ್ತೆ ಕೊಡುತ್ತಾರೆ ಅಂದೆ. ಮಾವ ಆಗಲೇ ಮೂಲಂಗಿ ಮುಗಿಸಿದ್ದರು.

ಕೆಂಪಗೆ ಹೊಳೆಯುತ್ತಿದ್ದ ಕಿಮ್ಚಿಗೆ ಅತ್ತೆ ಕೈ ಚಾಚಿದಾಗ ಮಾತ್ರ ಸತ್ಯ ಹೇಳಲೇಬೇಕಾಯಿತು: ಅದಕ್ಕೆ ಉಪ್ಪು ಹಾಕಿಟ್ಟ ಸೀಗಡಿ ಬೆರೆಸುವುದುಂಟು. ಚಾಚಿದ ಕೈ ಹಾಗೇ ನೀರಿನ ಲೋಟಕ್ಕೆ ಹೋಯಿತು. ಸಮಾಧಾನಕ್ಕೆಂದು ನಾನು, “ಅವರ ಬೌದ್ಧ ಮಠಗಳಲ್ಲಿ ಮೀನು-ಗೀನು ಇಲ್ಲ ಅತ್ತೆ, ಈರುಳ್ಳಿ ಬೆಳ್ಳುಳ್ಳಿಯೂ ಹಾಕಲ್ಲ” ಅಂದೆ.

“ಮತ್ತೆ ಆ ಮಠಕ್ಕೇ ಕರ್ಕೊಂಡು ಹೋಗಬಾರದಿತ್ತಾ?”

ಅಷ್ಟರಲ್ಲಿ ಪಕ್ಕದ ಮೇಜಿನ ಮಗು “ಅಪ್ಪಾ!” ಎಂದು ಕೂಗಿತು. ನನ್ನ ಗಂಡ, ಮಾವ ಇಬ್ಬರೂ ತಿರುಗಿದರು. ಕೊರಿಯನ್ನರಲ್ಲೂ ಅಪ್ಪ ಅಂದರೆ ಅಪ್ಪನೇ ಎಂದು ಮಗಳು ವಿವರಿಸಿದ ಮೇಲೆ ಮಾವನಿಗೆ ಆ ಸಂಸಾರದ ಮೇಲೆ ಅಪಾರ ಅಭಿಮಾನ ಬಂತು. ಯಾವ ಕಡೆಯವರೋ ವಿಚಾರಿಸುತ್ತೇನೆಂದು ಎದ್ದವರನ್ನು ಕೂರಿಸುವುದೇ ಕಷ್ಟವಾಯಿತು.

ಅಂತೂ ಬಿಬಿಂಬಾಪ್ ಬಂತು, ಮಾಂಸ ಮೊಟ್ಟೆ ಬಿಟ್ಟು, ಕಲಸಿಕೊಳ್ಳಲು ಕೆಂಪು ಗೊಜ್ಜಿನ ಜೊತೆ. ಬಿಬಿಂ ಅಂದರೆ ಕಲಸಿದ್ದು, ಬಾಪ್ ಅಂದರೆ ಅನ್ನ. ನಮ್ಮ ಕಲಸನ್ನವೇ, ಕಲಸುವ ಕೆಲಸ ಮಾತ್ರ ದುಡ್ಡು ಕೊಟ್ಟವರದು. ಕಾದ ಕಲ್ಲಿನ ಬೋಗುಣಿ ಚುರ್ ಅನ್ನುತ್ತಿತ್ತು. ಅತ್ತೆ ಮೂಗರಳಿಸಿದರು.

“ಸೀದ ವಾಸನೆ.”

ಈ ಮೂಗಿನ ಪರಿಚಯ ನನಗೆ ಹದಿನಾರು ವರ್ಷದ್ದು. ಮದುವೆಯಾದ ಹೊಸತರಲ್ಲಿ ನಾನು ಅನ್ನ ತಳ ಹಿಡಿಸಿದ್ದು ನೆಂಟರಿಷ್ಟರಿಗೆಲ್ಲ ಗೊತ್ತು. ನನ್ನ ತವರಿಗೂ ಫೋನು ಹೋಗಿತ್ತು.

“ಅದೇ ಅತ್ತೆ ಇದರ ವಿಶೇಷ. ತಳದ ಗರಿಗರಿ ಅನ್ನಕ್ಕೆ ನುರುಂಗ್ಜಿ ಅಂತಾರೆ. ಅದಕ್ಕೆ ಬಿಸಿನೀರು ಹಾಕಿ ಕುಡೀತಾರೆ.”

“ನಾವೂ ಹಾಕ್ತೀವಿ, ತಿಕ್ಕೋಕೆ.”

ತಳ ಹಿಡಿದ ಅನ್ನಕ್ಕೆ 18 ಡಾಲರ್ ಎಂದು ತಿಳಿದಾಗ ರೂಪಾಯಿಗೆ ಗುಣಿಸಿ ಎದೆ ಮುಟ್ಟಿಕೊಂಡರು. ಕೊಟ್ಟ ಕಾಸು ದಂಡವಾಗಬಾರದೆಂದು ಸೌಟಿನಂಥ ಚಮಚದಿಂದ ಕೆರೆದರು. ಒಂದು ಚೂರು, ಇನ್ನೊಂದು ಚೂರು. ಕೊನೆಗೆ ಮೊಮ್ಮಗಳ ಬೋಗುಣಿಯನ್ನೂ ತಮ್ಮತ್ತ ಎಳೆದುಕೊಂಡು ಕೆರೆಯತೊಡಗಿದರು. ನಾನು ಮಾತಾಡಲಿಲ್ಲ. ಹದಿನಾರು ವರ್ಷಕ್ಕೆ ಸಿಕ್ಕ ನ್ಯಾಯವನ್ನು ಬಾರ್ಲಿ ಚಹಾದ ಜೊತೆ ನಿಧಾನಕ್ಕೆ ಗುಟುಕರಿಸಿದೆ.

ಗುರುವಾರ ಆಫೀಸಿನ ಫೋನಿನಲ್ಲಿ ಮೈಮರೆತು ನಿಜವಾಗಿಯೇ ಅನ್ನ ಸೀಯಿಸಿದೆ. ಅತ್ತೆ ಅಡುಗೆಮನೆಗೆ ಬಂದರು, ಪಾತ್ರೆಗೆ ಬಗ್ಗಿ ನೋಡಿದರು. ನಾನು ತಲೆ ತಗ್ಗಿಸಿ ನಿಂತೆ.

“ನೀರು ಹಾಕಿಬಿಟ್ಟೀಯ! ಆ ಕೆಂಪು ಗೊಜ್ಜು ನಮ್ಮ ಅಂಗಡಿಗಳಲ್ಲೂ ಸಿಗತ್ತೇನೇ?”