ಅಂಕೋಲೆಯಲ್ಲಿ ಬಸ್ಸು ನಿಲ್ಲಿಸಿ: ಪ್ರವಾಸ ಹೊರಡುವ ಮಾಸ್ತರರಿಗೆ, ಅಕ್ಕೋರಿಗೆ ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಲೆಗಳ ಮಾಸ್ತರರೇ, ಅಕ್ಕೋರೇ,



ಡಿಸೆಂಬರ್ ಬಂತೆಂದರೆ ನಿಮ್ಮ ಬಸ್ಸುಗಳು ಅರಬೈಲ್ ಘಟ್ಟ ಇಳಿದು ಬರುತ್ತವೆ. ಮುಂದಿನ ಗಾಜಿನ ಮೇಲೆ ಶಾಲೆಯ ಹೆಸರು, ಅದರ ಕೆಳಗೆ ‘ಶೈಕ್ಷಣಿಕ ಪ್ರವಾಸ’ ಎಂಬ ದಪ್ಪ ಅಕ್ಷರ, ಕಿಟಕಿ ತುಂಬ ಮಕ್ಕಳು. ರಾಮನಗುಳಿ, ಸುಂಕಸಾಳ ದಾಟಿ ಬಾಳೆಗುಳಿ ಕ್ರಾಸಿಗೆ ಬಂದರೆ ಬಲಕ್ಕೆ ಕಾರವಾರ, ಎಡಕ್ಕೆ ಗೋಕರ್ಣ, ಮುರ್ಡೇಶ್ವರ. ಪಂಜಾಬಿನ ಸಂಗರೂರಿನಿಂದ ಹೊರಟ 52ನೇ ರಾಷ್ಟ್ರೀಯ ಹೆದ್ದಾರಿ ಅಂಕೋಲೆಗೆ ಬಂದು ಮುಗಿಯುತ್ತದೆ. ನಿಮ್ಮ ಬಸ್ಸು ಮಾತ್ರ ಇಲ್ಲಿ ಚಹಾಕ್ಕೆ ನಿಂತರೆ ಉಂಟು, ಇಲ್ಲವಾದರೆ ಅದೂ ಇಲ್ಲ. ಎರಡು ದಿನದಲ್ಲಿ ಐದಾರು ಊರು ಮುಗಿಸುವ ಅವಸರ ನಿಮ್ಮದು. ಬಾಡಿಗೆಯ ಲೆಕ್ಕ, ಅಡುಗೆಯವರ ಚಿಂತೆ, ಪಾಲಕರಿಗೆ ಕೊಟ್ಟ ಮಾತು ಎಲ್ಲವೂ ನಿಮ್ಮ ತಲೆಯ ಮೇಲಿವೆ ಎಂಬುದು ನನಗೆ ಗೊತ್ತು. ಆದರೂ ಕೇಳುತ್ತೇನೆ. ಮುಂದಿನ ಸಲ ಬರುವಾಗ ಒಂದು ಪೂರ್ತಿ ದಿನವನ್ನು ಅಂಕೋಲೆಗೆ ಕೊಡಿ.

ಏಕೆಂದು ವಿವರವಾಗಿಯೇ ಹೇಳಬೇಕು. ಅಂಕೋಲೆಯಲ್ಲಿ ಆಕಾಶ ಮುಟ್ಟುವ ಮೂರ್ತಿಯಿಲ್ಲ, ಟಿಕೀಟು ಕೊಟ್ಟು ನೋಡುವ ಅರಮನೆಯಿಲ್ಲ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಗದ್ದೆ, ತೋಟ, ಒಂದು ಸಣ್ಣ ಪೇಟೆ. ಇಲ್ಲಿಯ ಇತಿಹಾಸ ಮನೆಮನೆಗಳಲ್ಲಿದೆ. ಅದನ್ನು ಕಾಣಬೇಕಾದರೆ ಯಾರಾದರೂ ಹೇಳಬೇಕು, ಯಾರಾದರೂ ಕೂತು ಕೇಳಬೇಕು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹತ್ತು ನಿಮಿಷದಲ್ಲಿ ಹೊರಡುವ ಪ್ರವಾಸಕ್ಕೆ ಅದು ಸಿಗುವುದಿಲ್ಲ.

ನಿಮ್ಮ ಕಡೆಯಿಂದ ಅಂಕೋಲೆಗೆ 1930ರಲ್ಲೂ ಜನ ಬಂದಿದ್ದರು. ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ವಾರದೊಳಗೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದ ಕಾಂಗ್ರೆಸ್ಸು ಉಪ್ಪಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಈ ಊರನ್ನು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಮುಂಬಯಿ ಪ್ರಾಂತ್ಯದೊಳಗಿದ್ದ ಕನ್ನಡ ಜಿಲ್ಲೆಗಳು. ಘಟ್ಟದ ಮೇಲಿಂದ ಸ್ವಯಂಸೇವಕರು ಇಳಿದು ಬಂದು ಇಲ್ಲಿಯವರ ಜೊತೆ ಸೇರಿದರು. ಸಮುದ್ರವೇ ಇಲ್ಲದ ಜಿಲ್ಲೆಗಳ ಜನ ಉಪ್ಪಿಗಾಗಿ ಸಮುದ್ರದ ದಂಡೆಗೆ ಬಂದ ಆ ದಿನವನ್ನು ನಿಮ್ಮ ಮಕ್ಕಳು ಪಾಠದಲ್ಲಿ ಒಂದು ಸಾಲಾಗಿ ಓದುತ್ತಾರೆ. ಆ ಮರಳಿನ ಮೇಲೆ ನಿಂತು ಆ ಪಾಠವನ್ನು ಒಮ್ಮೆ ಓದಿಸಿ. ಅನುಮತಿಯಿಲ್ಲದೆ ಉಪ್ಪು ಮಾಡುವುದು 1882ರ ಕಾಯಿದೆಯಡಿ ಅಪರಾಧವಾಗಿತ್ತು ಎಂದು ಹೇಳಿ. ಕೂಲಿಯವನ ಗಂಜಿಗೂ ಸಾಹುಕಾರನ ಊಟಕ್ಕೂ ಹೆಚ್ಚುಕಡಿಮೆ ಅಷ್ಟೇ ಉಪ್ಪು ಬೇಕು, ತೆರಿಗೆ ಯಾರ ಮೇಲೆ ಭಾರವಾಯಿತು ಎಂದು ಕೇಳಿ. ಉತ್ತರ ಮಕ್ಕಳೇ ಹೇಳುತ್ತಾರೆ.

ಸಮಯವಿದ್ದರೆ ಗಂಗಾವಳಿ ಹೊಳೆ ದಾಟಿ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ತೋರಿಸಿ. ಅದು ಕುಮಟಾ ತಾಲೂಕು, ಗೋಕರ್ಣಕ್ಕೆ ಹತ್ತಿರ. ಭರತದ ನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಬಳಿದು ರಾಶಿ ಹಾಕುವ ಕೆಲಸ ಅಲ್ಲಿ ಇಂದಿಗೂ ನಡೆಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮಗುವಿಗೆ ಉಪ್ಪಿನ ಸತ್ಯಾಗ್ರಹದ ಹಿಂದಿನ ಬೆವರು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಉಪ್ಪಿನ ಕತೆ ಆರಂಭ ಮಾತ್ರ. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ತಂದುಕೊಟ್ಟದ್ದು ಆಮೇಲೆ ನಡೆದ ಕರನಿರಾಕರಣೆ. ಭೂಕಂದಾಯ ಕೊಡುವುದಿಲ್ಲ ಎಂದು ಹಳ್ಳಿಗೆ ಹಳ್ಳಿಯೇ ನಿಂತಿತು. ಸರಕಾರ ಜಮೀನು ಜಪ್ತಿ ಮಾಡಿತು, ದನಕರು, ಪಾತ್ರೆಪಗಡೆ ಹರಾಜಿಗಿಟ್ಟಿತು. ಸೂರ್ವೆ, ಕಣಗಿಲ, ಹಿಚ್ಕಡದಂಥ ಊರುಗಳಲ್ಲಿ ಇಂದಿಗೂ ಅಜ್ಜ ಜೈಲಿಗೆ ಹೋದದ್ದು, ಗದ್ದೆ ಹೋದದ್ದು ಮನೆಯ ಮಾತು. ಘಟ್ಟದ ಮೇಲಿನ ಸಿದ್ದಾಪುರದಲ್ಲಿ ಹೆಣ್ಣುಮಕ್ಕಳು ಜಪ್ತಿ ಮಾಲು ಕೊಂಡವರ ಮನೆಯ ಮುಂದೆ ಸತ್ಯಾಗ್ರಹ ಕೂತರು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಏರ್ಪಾಡಾಯಿತು. ಆದರೆ ಗದ್ದೆ ಕಳೆದುಕೊಂಡ ದಿನ, ಅದು ಎಂದಾದರೂ ತಿರುಗಿ ಬಂದೀತೆಂದು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ. ಮಕ್ಕಳಿಗೆ ತಿಳಿಸಬೇಕಾದ ಮುಖ್ಯ ಸಂಗತಿ ಇದು.

ಇನ್ನೂ ಒಂದು ಸಂಗತಿಯನ್ನು ಬಿಡಬೇಡಿ. ಒಡೆಯನ ಜಮೀನು ಜಪ್ತಿಯಾದರೆ, ಅದನ್ನು ಗೇಣಿಗೆ ಮಾಡುತ್ತಿದ್ದವನ ಅನ್ನವೂ ಹೋಗುತ್ತದೆ. ಅವನ ಹೆಸರು ನೆಲ ಕಳೆದುಕೊಂಡವರ ಪಟ್ಟಿಯಲ್ಲಿ ಬರುವುದು ಕಡಿಮೆ. ಆ ಗೇಣಿದಾರನ ಪರವಾಗಿ ನಿಂತವರು ಇದೇ ತಾಲೂಕಿನಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿ. ನಿಮ್ಮ ಮಕ್ಕಳಿಗೆ ಅವರು ಚುಟುಕದ ಕವಿಯೆಂದು ಗೊತ್ತು. ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಅವರನ್ನು ಐದು ವರ್ಷ ಹುಟ್ಟಿದ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದು ಎಷ್ಟು ಮಕ್ಕಳಿಗೆ ಗೊತ್ತು? ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದರು. 1966ರಲ್ಲಿ ಅಂಕೋಲೆಗೆ ಬಂದ ಗೋಖಲೆ ಸೆಂಟಿನರಿ ಕಾಲೇಜು ಇಂದಿಗೂ ನಡೆಯುತ್ತಿದೆ. ದುಡ್ಡಿಲ್ಲದ ಜಿಲ್ಲೆಯಲ್ಲಿ ಒಬ್ಬ ಕವಿ ಶಾಲೆ ಕಟ್ಟಿದ ಬಗೆ ಯಾವ ಮಾಸ್ತರರಿಗಾದರೂ ನೋಡತಕ್ಕದ್ದಲ್ಲವೇ?

ಇನ್ನು ಬೆಟ್ಟದ ಕಡೆಯ ಮಾತು. ಘಟ್ಟ ಇಳಿಯುವಾಗ ನಿಮ್ಮ ಬಸ್ಸು ದಾಟಿ ಬರುವ ಕಾಡಂಚಿನ ಊರುಗಳು ಹಾಲಕ್ಕಿ ಒಕ್ಕಲಿಗರ ಕೊಪ್ಪಗಳ ಸೀಮೆ. ಹೊನ್ನಳ್ಳಿಯ ತುಳಸಿ ಗೌಡ ಇಲ್ಲಿಯವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಕೈಯಿಂದಲೇ ಕಲಿತವರು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಅವರ ಚಿತ್ರವನ್ನು ನಿಮ್ಮ ಮಕ್ಕಳು ಪತ್ರಿಕೆಯಲ್ಲಿ ನೋಡಿರಬಹುದು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿ ಹೊತ್ತು ತಿರುಗಿದವರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದವರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ಅಂತರದಲ್ಲಿ ಒಂದೇ ತಾಲೂಕು ಇಬ್ಬರನ್ನೂ ಕಳೆದುಕೊಂಡಿತು. ಅವರು ಬದುಕಿದ್ದಾಗ ಇದೇ ದಾರಿಯಲ್ಲಿ ಹೋದ ಎಷ್ಟೋ ಬಸ್ಸುಗಳ ಮಕ್ಕಳಿಗೆ ಅವರನ್ನು ನೋಡುವ ಭಾಗ್ಯ ಸಿಗಲಿಲ್ಲ ಎಂಬುದು ನನಗೆ ನಿಜವಾದ ನೋವು. ಈಗಲೂ ಕೊಪ್ಪಗಳಲ್ಲಿ ಆ ಹಾಡು ಬಲ್ಲ ಅಜ್ಜಿಯರಿದ್ದಾರೆ, ಸುಗ್ಗಿ ಕುಣಿಯುವ ಗೌಡರಿದ್ದಾರೆ. ಅವರನ್ನು ಶಾಲೆಯ ಗೌರವದಿಂದ ಭೇಟಿ ಮಾಡಿಸಿ. ಕುಣಿಸಿ ಫೋಟೋ ತೆಗೆಸುವುದಕ್ಕಲ್ಲ, ಅವರ ಎದುರು ಮಕ್ಕಳು ಕೂತು ಪ್ರಶ್ನೆ ಕೇಳುವುದಕ್ಕೆ. ಈ ಸಮುದಾಯ ತನ್ನನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ದೀರ್ಘಕಾಲದಿಂದ ಕೇಳುತ್ತಿದೆ. ಪ್ರಶಸ್ತಿ ಬಂದವರ ಮನೆಗಳಲ್ಲೂ ಬಡತನ ಏಕೆ ಉಳಿಯಿತು ಎಂಬುದೂ ಪಾಠದ ಭಾಗವೇ.

ಧಾರವಾಡದ ಗುರುಗಳಿಗೆ ಒಂದು ವಿಶೇಷ ಮಾತು. ನಿಮ್ಮ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಘಟ್ಟ ಇಳಿದು, ನಮ್ಮಲ್ಲಿ ಗಂಗಾವಳಿ ಎನ್ನಿಸಿಕೊಂಡು ಸಮುದ್ರ ಸೇರುತ್ತದೆ. ಆ ಹೊಳೆಯ ದಡದ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿಯಿತು. ಚತುಷ್ಪಥ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ, ಬಿಡದೆ ಸುರಿದ ಮಳೆ. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ಲಾರಿಗಳು, ಅಲ್ಲಿದ್ದ ಜನ ಮಣ್ಣಿನೊಡನೆ ಹೊಳೆಗೆ ಹೋದರು. ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ನಾವು ಹನ್ನೊಂದು ಜನರನ್ನು ಕಳೆದುಕೊಂಡೆವು. ಕೇರಳದ ಲಾರಿ ಚಾಲಕನೊಬ್ಬನಿಗಾಗಿ ಹೊಳೆಯಲ್ಲಿ ಸೆಪ್ಟೆಂಬರಿನವರೆಗೂ ಹುಡುಕಾಟ ನಡೆಯಿತು. ಆ ಜಾಗದಲ್ಲಿ ಬಸ್ಸು ನಿಲ್ಲಿಸಲು ಹೇಳುವುದಿಲ್ಲ, ಅದು ನೋಟದ ತಾಣವಾಗಕೂಡದು. ಆದರೆ ಗೋಕರ್ಣದ ಕಡೆ ಹೋಗುವಾಗ ದಾರಿಯ ಪಕ್ಕದ ಗುಡ್ಡವನ್ನು ತೋರಿಸಿ, ಭೂಗೋಳದ ಮಾಸ್ತರರು ಎರಡು ಮಾತು ಹೇಳಲಿ. ಕಡಿದಾಗಿ ಕತ್ತರಿಸಿದ ಇಳಿಜಾರಿನಲ್ಲಿ ನೀರು ಇಂಗಿದರೆ ಮಣ್ಣಿಗೆ ಏನಾಗುತ್ತದೆ, ನಾವು ವೇಗವಾಗಿ ಬರಲೆಂದು ಮಾಡಿದ ರಸ್ತೆಗೆ ಬೆಲೆ ತೆತ್ತವರು ಯಾರು ಎಂಬುದನ್ನು ಮಕ್ಕಳು ತಿಳಿಯಲಿ.

ಎರಡನೆಯ ದಿನ ಕಾರವಾರಕ್ಕೆ ಹೋಗಿ, ಬೇಡವೆನ್ನುವುದಿಲ್ಲ. ಟಾಗೋರರ ಹೆಸರಿನ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯನ್ನು ಮಕ್ಕಳು ಹತ್ತಲಿ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದ ಊರದು. ಆದರೆ ನೌಕೆ ತೋರಿಸುವಾಗ, ದಾರಿಯಲ್ಲಿ ಅರ್ಗಾದ ಬಳಿ ಕಂಡ ನೌಕಾನೆಲೆಯ ಗೋಡೆಯನ್ನೂ ನೆನಪಿಸಿ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ತೋಡೂರು, ಹಾರವಾಡದಂಥ ಕಡೆಯ ಕಾಲನಿಗಳಿಗೆ ಬಂದವು. ಕರನಿರಾಕರಣೆಯಲ್ಲಿ ನೆಲ ಕಳೆದುಕೊಂಡ ಸೀಮೆಯೇ ಸ್ವತಂತ್ರ ದೇಶದ ರಕ್ಷಣೆಗೂ ನೆಲ ಕೊಟ್ಟಿತು.

ಅಲ್ಲಿಂದ ಕಾಳಿ ಹೊಳೆ ದಾಟಿ ಸದಾಶಿವಗಡಕ್ಕೆ ಹೋಗಿ. ಕಾರವಾರದ ಎದುರು ದಡದ ಈ ಊರನ್ನು ಗೋವಾದ ದಾರಿ ಎಂದಷ್ಟೇ ಎಣಿಸುವವರು ಹೆಚ್ಚು. ಗುಡ್ಡದ ಮೇಲಿನ ಕೋಟೆ ಕಟ್ಟಿಸಿದವನು ಸೋದೆಯ ಬಸವಲಿಂಗ ನಾಯಕ, 1715ರ ಸುಮಾರಿಗೆ, ತಂದೆ ಸದಾಶಿವ ನಾಯಕನ ಹೆಸರಿನಲ್ಲಿ. 1752ರಲ್ಲಿ ಅದು ಪೋರ್ತುಗೀಸರ ಪಾಲಾಯಿತು. ಶಿರಸಿಯ ಹತ್ತಿರದ ಘಟ್ಟದ ಅರಸನಿಗೆ ಹೊಳೆಯ ಬಾಯಲ್ಲಿ ಕೋಟೆ ಏಕೆ ಬೇಕಾಯಿತು ಎಂದು ಮಕ್ಕಳನ್ನು ಕೇಳಿ. ಕಾರಣ ಮೆಣಸು, ಬಟ್ಟೆ. ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ಕೋಠಿ ತೆರೆದದ್ದೂ ಅದಕ್ಕಾಗಿಯೇ. ಹುಬ್ಬಳ್ಳಿ ಕಡೆಯ ನೇಕಾರರ ನುಣುಪಾದ ಬಟ್ಟೆ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಧಾರವಾಡದ ಹತ್ತಿಗೆ ಬಂದರು ಬೇಕಾದ ಕಾಲದಲ್ಲಿ, 1862ರಲ್ಲಿ, ಕಾರವಾರ ಜಿಲ್ಲಾಕೇಂದ್ರವಾಯಿತು. ನಿಮ್ಮ ಊರಿನ ಮಗ್ಗಕ್ಕೂ ಹೊಲಕ್ಕೂ ಈ ಹೊಳೆಬಾಯಿಗೂ ನಾಲ್ಕು ಶತಮಾನದ ನಂಟು. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದದ್ದನ್ನೂ ಹೇಳಿ. ನಂಟು ಉಳಿಯಬೇಕಾದರೆ ಅದನ್ನು ನೋಡಿಕೊಳ್ಳುವವರು ಬೇಕು.

ಸಮುದ್ರಸ್ನಾನದ ಬಗ್ಗೆ ಒಂದು ಮಾತು ಕೈಮುಗಿದು ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಸಮುದ್ರ ಕಾಣದ ಮಕ್ಕಳಿಗೆ ನೀರು ಕಂಡೊಡನೆ ಓಡುವ ಆಸೆ ಸಹಜ. ಆದರೆ ಪ್ರವಾಸವೆಂದರೆ ನೀರಿಗಿಳಿಯುವುದೊಂದೇ ಎಂದು ನಾವು ಮೊದಲೇ ಕಲಿಸಿಬಿಟ್ಟರೆ ಅವರನ್ನು ತಡೆಯುವುದು ಕಷ್ಟ. ನೋಡಲು, ಕೇಳಲು, ಬರೆಯಲು ಕೆಲಸವಿರುವ ಪ್ರವಾಸದಲ್ಲಿ ಸಮುದ್ರಕ್ಕೆ ಅದರ ವೇಳೆ ಸಿಗುತ್ತದೆ, ಮೀನುಗಾರರೊಬ್ಬರು ಜೊತೆಗೆ ನಿಂತು ಅಳಿವೆ, ಸೆಳೆತ, ಭರತ, ಇಳಿತ ತಿಳಿಸುವುದಕ್ಕೂ ಅವಕಾಶವಾಗುತ್ತದೆ.

ಕೊನೆಯದಾಗಿ ನನ್ನ ಊರಿನವರಿಗೂ ಇದೇ ಪತ್ರದಲ್ಲಿ ಹೇಳಬೇಕು. ಹೊರಗಿನವರು ನಿಲ್ಲುವುದಿಲ್ಲ ಎಂದು ದೂರುವ ಮೊದಲು, ನಿಂತವರಿಗೆ ಹೇಳುವ ಏರ್ಪಾಡು ಮಾಡೋಣ. ಹೋರಾಟ ನಡೆದ ಪ್ರತಿ ಹಳ್ಳಿಯಲ್ಲಿ ಜೈಲಿಗೆ ಹೋದವರ, ಗದ್ದೆ ಕಳೆದುಕೊಂಡವರ, ಗೇಣಿ ಕಳೆದುಕೊಂಡವರ ಹೆಸರಿನ ಫಲಕ ನಿಲ್ಲಲಿ. ಅಂಕೋಲೆಯ ಸ್ವಾತಂತ್ರ್ಯ ಸಂಗ್ರಾಮ ಭವನದಲ್ಲಿ ಪ್ರವಾಸದ ತಿಂಗಳುಗಳಲ್ಲಿ ಕತೆ ಹೇಳುವ ಹಿರಿಯರು ಸಿಗಲಿ. ಕಾಲೇಜಿನ ಹುಡುಗ ಹುಡುಗಿಯರು ಮಕ್ಕಳನ್ನು ಊರು ಸುತ್ತಿಸಲಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕರಿ ಇಶಾಡು ಮಾವಿಗೆ ಪೇಟೆ ಹುಡುಕುವ ಹುರುಪನ್ನು ನಮ್ಮ ನೆನಪುಗಳಿಗೂ ತೋರಿಸೋಣ.

ಮಾಸ್ತರರೇ, ಅಕ್ಕೋರೇ, ಈ ವರ್ಷದ ಪ್ರವಾಸದ ಪಟ್ಟಿ ಬರೆಯುವಾಗ ಅಂಕೋಲೆಯನ್ನು ಮೊದಲ ದಿನಕ್ಕೆ ಬರೆಯಿರಿ. ಹೊರಡುವ ಮೊದಲು ಪ್ರತಿ ಮಗುವಿನಿಂದ ಒಂದು ಪ್ರಶ್ನೆ ಬರೆಸಿ ತನ್ನಿ. ತಿಂಗಳ ಮುಂಚೆ ಇಲ್ಲಿಯ ಯಾವುದಾದರೂ ಶಾಲೆಗೆ ಒಂದು ಕಾಗದ ಹಾಕಿ. ಬಸ್ಸು ನಿಲ್ಲಿಸುವುದು ನಿಮ್ಮ ಜವಾಬ್ದಾರಿ. ಆ ಪ್ರಶ್ನೆಗಳಿಗೆ ಉತ್ತರ ಬಲ್ಲವರನ್ನು ಮಕ್ಕಳ ಮುಂದೆ ಕರೆತಂದು ಕೂರಿಸುವುದು ಅಂಕೋಲೆಯವರಾದ ನಮ್ಮ ಜವಾಬ್ದಾರಿ.

ನಿಮ್ಮ ವಿಶ್ವಾಸಿ,
ಅಂಕೋಲೆಯ ಒಬ್ಬ ನಿವಾಸಿ