ನಂಬರ್ ಇಲ್ಲದವರು ಸಾಯುವಂತಿಲ್ಲ

2021ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನಲ್ಲಿ ಕೋವಿಡ್‌ನಿಂದ ಸಾಯಬೇಕೆಂದರೆ ಕೆಲವು ಅರ್ಹತೆಗಳು ಬೇಕಿದ್ದವು. ಮೊದಲು ಸ್ವಾಬ್ ಕೊಡಬೇಕು. ರಿಪೋರ್ಟ್ ಬರುವ ತನಕ ಉಸಿರು ಬಿಗಿಹಿಡಿದಿರಬೇಕು. ಆಮೇಲೆ ಪಾಸಿಟಿವ್ ಆದವರಿಗೆ ಕೊಡುವ ಬಿಯು ನಂಬರ್ ಬರಬೇಕು. ನಂಬರ್ ಬಂದರೆ ಬೆಡ್, ಬೆಡ್ ಸಿಕ್ಕರೆ ಆಕ್ಸಿಜನ್, ಇಷ್ಟೆಲ್ಲ ಮುಗಿಸಿ ಸತ್ತರೆ ಸಂಜೆಯ ಬುಲೆಟಿನ್‌ನಲ್ಲಿ ಜಾಗ. ಈ ಶಿಸ್ತು ಪಾಲಿಸದೆ ಮನೆಯಲ್ಲೇ ಅವಸರಪಟ್ಟು ಸತ್ತವರನ್ನು ಸರ್ಕಾರ ಯಾಕಾದರೂ ಎಣಿಸಬೇಕು?

ಇಂಥ ಶಿಸ್ತುಗೇಡಿಗಳನ್ನು ಮೊದಲು ಕಂಡವರು ಆಂಬ್ಯುಲೆನ್ಸಿನವರು. ಪಿಪಿಇ ಕಿಟ್ಟಿನೊಳಗೆ ಬೆವರಲ್ಲಿ ತೊಯ್ದು, ಮಹಡಿ ಹತ್ತಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಪರದೆಯ ಮೇಲೆ ಬರೀ ಗೆರೆ. ಬೆರಳು ಬದಲಿಸಿದರೂ ಅದೇ ಗೆರೆ. ‘ಈಗ ತಾನೇ ನೀರು ಕೇಳಿದ್ರು ಸಾರ್’ ಅನ್ನುತ್ತಾರೆ ಮನೆಯವರು. ಸತ್ತಿದ್ದಾರೆ ಎನ್ನುವ ಅಧಿಕಾರ ಆಂಬ್ಯುಲೆನ್ಸಿನವನಿಗಿಲ್ಲ, ಅದು ಡಾಕ್ಟರದ್ದು. ಕೋವಿಡ್ ಎನ್ನಲು ಡಾಕ್ಟರಿಗೆ ಲ್ಯಾಬ್ ರಿಪೋರ್ಟ್ ಬೇಕು. ಲ್ಯಾಬಿಗೆ ಸ್ವಾಬೇ ಹೋಗಿಲ್ಲ. ಮನೆಮಂದಿಯ ಕಣ್ಣೆದುರೇ ಸತ್ತ ಮನುಷ್ಯ ಯಾವ ಕಾಲಂನಲ್ಲೂ ಸಾಯಲಿಲ್ಲ. ಶಂಕಿತ ಸಾವನ್ನೂ ಬೇರೆ ಕೋಡ್ ಹಾಕಿ ಬರೆದುಕೊಳ್ಳಿ ಎಂದು ಐಸಿಎಂಆರ್ 2020ರಲ್ಲೇ ಹೇಳಿತ್ತು. ಆ ಸಲಹೆಯನ್ನು ಫೈಲಿನಲ್ಲಿ ಜೋಪಾನವಾಗಿ ಕಾಪಾಡಲಾಯಿತು.

ಟ್ರಿಪ್ ಶೀಟ್ ಮಾತ್ರ ಚೊಕ್ಕವಾಗಿತ್ತು: ಹೊರಟ ಹೊತ್ತು, ತಲುಪಿದ ಹೊತ್ತು, ಓಡಿದ ಕಿಲೋಮೀಟರ್. ಹೆಣದ ಲೆಕ್ಕ ತಪ್ಪಿದರೆ ಕೇಳುವವರಿಲ್ಲ. ಡೀಸೆಲ್ ಲೆಕ್ಕ ತಪ್ಪಿದರೆ ಆಡಿಟ್ ಬಿಡುವುದಿಲ್ಲ.

ಸುಮನಹಳ್ಳಿ, ಮೇಡಿ ಅಗ್ರಹಾರದ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸುಗಳು ಸಾಲುಗಟ್ಟಿದವು. ಚಾಮರಾಜಪೇಟೆಯ ಚಿತಾಗಾರದ ಗೇಟಿಗೆ ‘ಹೌಸ್‌ಫುಲ್’ ಬೋರ್ಡೇ ಬಿತ್ತು. ಬುಲೆಟಿನ್‌ನಲ್ಲಿ ಮಾತ್ರ ಸೀಟುಗಳು ಧಾರಾಳವಾಗಿ ಖಾಲಿಯಿದ್ದವು.

ಮೇ 2ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡಿದ್ದರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದಿತು ಸರ್ಕಾರ. ಉಳಿದವರು ಬೇಜಾರಿನಿಂದ ಸತ್ತಿರಬೇಕು. ಹೈಕೋರ್ಟ್ ನೇಮಿಸಿದ ಸಮಿತಿ ಈ ಗಣಿತವನ್ನು ಒಪ್ಪಲಿಲ್ಲ. ದಿಲ್ಲಿ ಇನ್ನೂ ಉದಾರ. ಆಕ್ಸಿಜನ್ ಕೊರತೆಯಿಂದ ಸಾವಾಗಿದೆಯೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಜುಲೈನಲ್ಲಿ ರಾಜ್ಯಸಭೆಗೆ ಉತ್ತರ ಹೋಯಿತು. ಆ ಮೂವರೂ ಎದ್ದು ಮನೆಗೆ ಹೋದರು.

ಕೊನೆಗೆ ಹೆಣಗಳನ್ನು ಎಣಿಸಿದ್ದು ದುಡ್ಡು. ಸುಪ್ರೀಂ ಕೋರ್ಟ್ ಕಿವಿ ಹಿಂಡಿದ ಮೇಲೆ ಸತ್ತವರ ಮನೆಯವರಿಗೆ ತಲಾ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಗುಜರಾತ್ ಒಪ್ಪಿಕೊಂಡಿದ್ದ ಸಾವು ಸುಮಾರು 10 ಸಾವಿರ. ಬಂದ ಅರ್ಜಿ 89 ಸಾವಿರ ದಾಟಿತು, ಮಂಜೂರಾದದ್ದೇ 68 ಸಾವಿರಕ್ಕೂ ಹೆಚ್ಚು. ಪರಿಹಾರದ ವ್ಯಾಖ್ಯೆ ಬೇರೆ, ಬುಲೆಟಿನ್ನಿನ ವ್ಯಾಖ್ಯೆ ಬೇರೆ ಎಂಬ ಸಮಜಾಯಿಷಿಯೂ ಬಂತು. ಸತ್ತವರು ಮಾತ್ರ ಎರಡೂ ವ್ಯಾಖ್ಯೆಗಳಡಿ ಒಂದೇ ಥರ ಸತ್ತಿದ್ದರು.

ಕೋವಿಡ್‌ನ ಮೊದಲ ಎರಡು ವರ್ಷದಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿದಾಗ, ನಿಮ್ಮ ಗಣಿತದ ಮಾದರಿಯೇ ಸರಿಯಿಲ್ಲ ಎಂದೆವು. ಆಯಿತು, ನಮ್ಮದೇ ರಿಜಿಸ್ಟರ್ ನೋಡೋಣ. 2020ರಲ್ಲಿ ನೋಂದಣಿಯಾದ ಸಾವು 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಏರಿಕೆ! ಆ ವರ್ಷದ ಅಧಿಕೃತ ಕೋವಿಡ್ ಸಾವು ಮೂರೂಕಾಲು ಲಕ್ಷದ ಆಸುಪಾಸು. ಈ ರಿಜಿಸ್ಟರ್ ಹೊರಬಂದದ್ದು 2025ರ ಮೇನಲ್ಲಿ. ಸತ್ತವರಿಗೇನು ಅವಸರ?

ಮುಂದಿನ ಸಾಂಕ್ರಾಮಿಕಕ್ಕೆ ವಿದೇಶಿ ತಜ್ಞರೂ ಬೇಡ, ಮಾದರಿಯೂ ಬೇಡ. ದಿನಾ ಸಂಜೆ ಆಂಬ್ಯುಲೆನ್ಸ್ ಡ್ರೈವರ್ ಒಬ್ಬನನ್ನು ಕರೆದು, ಇವತ್ತು ಎಷ್ಟು ಮನೆಯಿಂದ ಖಾಲಿ ಸ್ಟ್ರೆಚರ್ ಇಳಿಸಿಕೊಂಡು ಬಂದೆಯಪ್ಪಾ ಎಂದು ಕೇಳಿದರೆ ಸಾಕು. ಆದರೆ ಕೇಳಿದರೆ ಅವನು ಹೇಳಿಬಿಡುತ್ತಾನೆ. ತೊಂದರೆ ಇರುವುದೇ ಅಲ್ಲಿ.