ತಂತ್ರಾಂಶದ್ವಯ ಸಹವಾಸ ಮೀಮಾಂಸೆ, ಅಥವಾ ಒಂದೇ ಡಿಸ್ಕಿಗೆ ಇಬ್ಬರು ಶಾನುಭೋಗರು

ಕಂಪ್ಯೂಟರ್ ಕೆಟ್ಟ ಮೇಲೆ ಅದನ್ನು ಕೆಡುವುದಕ್ಕೆ ಮುಂಚಿನ ಸ್ಥಿತಿಗೆ ಎಳೆದೊಯ್ಯುವ ತಂತ್ರಾಂಶಗಳು ಒಂದು ಪಂಥ. ಕೆಟ್ಟದ್ದೇ ಸುಳ್ಳು ಎಂದು ಸಾಧಿಸುವ ತಂತ್ರಾಂಶಗಳು ಇನ್ನೊಂದು ಪಂಥ. ಮೊದಲನೆಯದಕ್ಕೆ ಸ್ನ್ಯಾಪ್‌ಶಾಟ್ ರಿಕವರಿ ಎಂದೂ ಎರಡನೆಯದಕ್ಕೆ ಡಿಸ್ಕ್ ವರ್ಚುವಲೈಸೇಷನ್ ಎಂದೂ ಲೋಕದಲ್ಲಿ ರೂಢಿ. ಒಂದೊಂದೇ ಇರುವಾಗ ಎರಡೂ ಸಜ್ಜನರೇ. ಎರಡನ್ನೂ ಒಂದೇ ಯಂತ್ರದಲ್ಲಿ ಕೂರಿಸಿದರೆ ರಕ್ಷಣೆ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಗೃಹಸ್ಥರಲ್ಲಿ, ಕಾಲೇಜಿನ ಲ್ಯಾಬ್ ಸಹಾಯಕರಲ್ಲಿ, ಎಲ್ಲರಿಗಿಂತ ಮಿಗಿಲಾಗಿ ರಿಪೇರಿ ಅಂಗಡಿಯ ಹುಡುಗರಲ್ಲಿ ಬೇರುಬಿಟ್ಟಿದೆ. “ಏನೂ ಆಗಲ್ಲ ಸಾರ್, ಎರಡೂ ಹಾಕ್ಬಿಡೋಣ. ಡಬಲ್ ಸೇಫ್ಟಿ” ಎಂಬುದು ಈ ಶಾಸ್ತ್ರದ ಮೂಲಸೂತ್ರ. ಸೂತ್ರಕಾರನ ಕಾಲ ದೇಶಗಳು ಅನಿಶ್ಚಿತ. ಆತ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದ್ದಾನೆ. ಪ್ರಸ್ತುತ ಪ್ರಬಂಧ ಈ ಸೂತ್ರಕ್ಕೆ ಬರೆದ ಭಾಷ್ಯ.

ಮೊದಲು ಪೂರ್ವಸೂರಿಗಳ ಸ್ಮರಣೆ. 2000ದಲ್ಲಿ ವಿಂಡೋಸ್ ಎಂಇ ಎಂಬ ಅಲ್ಪಾಯುಷಿ ಜನಿಸಿತು. ಅದರ ಮಡಿಲಲ್ಲೇ ಸಿಸ್ಟಮ್ ರಿಸ್ಟೋರ್ ಎಂಬ ಕಾಲಯಾತ್ರಿಯೂ ಅವತರಿಸಿತು. ಈ ಯಾತ್ರಿಗೆ ಒಂದು ಶಾಪವಿತ್ತು: 2001ರ ಸೆಪ್ಟೆಂಬರ್ 8ರ ನಂತರ ಗುರುತು ಹಾಕಿಕೊಂಡ ಯಾವ ದಿನಕ್ಕೂ ಅದಕ್ಕೆ ಹಿಂದಿರುಗಲು ಬರುತ್ತಿರಲಿಲ್ಲ. ಶಾಪವಿಮೋಚನೆಗೆ ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಒಂದು ತಿದ್ದುಪಡಿಯನ್ನೇ ಕರುಣಿಸಬೇಕಾಯಿತು. ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಸಿಸ್ಟಮ್ ರಿಸ್ಟೋರ್ ಹಳೆಯ ಫೈಲುಗಳನ್ನು ಕಾಪಾಡುತ್ತಿದ್ದ ಗುಪ್ತ ಫೋಲ್ಡರಿನೊಳಗೆ ವೈರಸ್ಸುಗಳೂ ಬೆಚ್ಚಗೆ ಕೂತಿರುತ್ತಿದ್ದವು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಕ್ಷಿಪ್ತವನ್ನೇ ಮೂಲಪಾಠವೆಂದು ಬಗೆದು ಓಲೆಕಟ್ಟಿನಲ್ಲಿ ಕಟ್ಟಿಟ್ಟಂತಾಯಿತು. ವೈರಸ್ ತೆಗೆಯುವ ಮುನ್ನ ಸಿಸ್ಟಮ್ ರಿಸ್ಟೋರನ್ನೇ ಆರಿಸಿ ಎಂದು ಆಂಟಿವೈರಸ್ ಕಂಪನಿಗಳು ಬಹುಕಾಲ ಉಪದೇಶಿಸಿದವು. ರಕ್ಷಕನನ್ನು ಹೊರಗೆ ಕಳಿಸಿ ರಕ್ಷಣೆ ಪಡೆಯುವ ಈ ಪದ್ಧತಿಯ ಮೇಲೆ ಬೇರೆಯೇ ಪ್ರಬಂಧ ಬೇಕು. ಇಲ್ಲಿ ಕೈಬಿಟ್ಟಿದ್ದೇವೆ.

ಅದೇ ಕಾಲದ ಗೋಬ್ಯಾಕ್ ಇನ್ನೂ ಧೀರ. ವೈಲ್ಡ್‌ಫೈಲ್ ಕುಲದಲ್ಲಿ ಹುಟ್ಟಿ, ರಾಕ್ಸಿಯೋ ಮನೆಯಲ್ಲಿದ್ದು, ಕೊನೆಗೆ ಸಿಮ್ಯಾಂಟೆಕ್ ಪಾಲಾಗಿ ನಾರ್ಟನ್ ಗೋಬ್ಯಾಕ್ ಎನಿಸಿಕೊಂಡ. ಈತ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ ತಿದ್ದಿ 44 ಎಂಬ ತನ್ನ ಮುದ್ರೆಯನ್ನು ಒತ್ತಿಬಿಡುತ್ತಿದ್ದ. ಗೋಬ್ಯಾಕನ್ನು ಬಳಸಿಕೊಂಡು ಫ್ಲಾಪಿಯಿಂದ ಒಳಹೊಕ್ಕವನಿಗೆ ಸಿ ಡ್ರೈವ್ ಕಾಣುತ್ತಿತ್ತು. ಗೋಬ್ಯಾಕನ್ನು ದಾಟಿ ಹಿತ್ತಿಲಿಂದ ನುಗ್ಗಿದವನಿಗೆ ಅದು ಇದೆಯೆಂಬುದೇ ತಿಳಿಯುತ್ತಿರಲಿಲ್ಲ. ಈ ಪರಂಪರೆಯ ಮುಂದಿನ ಮಹಾಪುರುಷ ರೋಲ್‌ಬ್ಯಾಕ್ ಆರ್‌ಎಕ್ಸ್. ವಿಂಡೋಸ್ ಕಣ್ಣು ಬಿಡುವ ಮೊದಲೇ ಎದ್ದು, ಹೋಮ್ ಕೀ ಒತ್ತಿದವರಿಗೆ ತನ್ನ ಗರ್ಭಗುಡಿಯ ಬಾಗಿಲು ತೆರೆದು, ಸಾಲಾಗಿ ಜೋಡಿಸಿಟ್ಟ ಹಳೆಯ ದಿನಗಳಲ್ಲಿ ಬೇಕಾದ್ದನ್ನು ಆರಿಸಿಕೋ ಎನ್ನುತ್ತದೆ. ಫೈಲ್ ಎಂಬ ಸ್ಥೂಲರೂಪದಲ್ಲಿ ಅದಕ್ಕೆ ಆಸಕ್ತಿಯಿಲ್ಲ. ಅದರ ಉಪಾಸನೆ ಸೆಕ್ಟರ್ ಎಂಬ ಸೂಕ್ಷ್ಮರೂಪಕ್ಕೆ.

ಎದುರು ಪಂಥದ ಆಚಾರ್ಯ ಡೀಪ್ ಫ್ರೀಜ್. ಕೆನಡಾದ ಫೆರಾನಿಕ್ಸ್ ಕಂಪನಿಯದು, 1999ರಿಂದ ಪ್ರಚಾರದಲ್ಲಿದೆ. ನಮ್ಮ ಸೈಬರ್ ಕೆಫೆಗಳಲ್ಲಿ ರಿಸಲ್ಟ್ ನೋಡಿದವರೆಲ್ಲ ಇದರ ಮುಖ ಕಂಡಿದ್ದಾರೆ: ಟಾಸ್ಕ್‌ಬಾರಿನ ಬಲತುದಿಯಲ್ಲಿ, ಗಡಿಯಾರದ ಪಕ್ಕ, ಬಿಳಿ ಹಿಮಕರಡಿ. ಕರಡಿಯ ಮೇಲೆ ಕೆಂಪು ಕತ್ತರಿ ಗುರುತು ಮಿನುಗುತ್ತಿದ್ದರೆ ಹಿಮ ಕರಗಿದೆ, ಬರೆದದ್ದು ಉಳಿಯುತ್ತದೆ. ಗುರುತಿಲ್ಲದಿದ್ದರೆ ಯಂತ್ರ ಹೆಪ್ಪುಗಟ್ಟಿದೆ, ರೀಸ್ಟಾರ್ಟ್ ಮಾಡಿದೊಡನೆ ಇಡೀ ದಿನದ ಪಾಪಪುಣ್ಯಗಳೆರಡೂ ನಾಶ. ಪಾಪದ ಜೊತೆ ಎಷ್ಟೋ ಜನರ ಬಯೋಡೇಟಾಗಳೂ ಹೋದವು. ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿ, ಪ್ರಿಂಟರಿಗೆ ಕಾಗದ ಬರಲೆಂದು ಕಾದು, ಅಷ್ಟರಲ್ಲಿ ಕರೆಂಟ್ ಹೋಗಿ, ಬಂದ ಮೇಲೆ ನೋಡಿದರೆ ಖಾಲಿ ಡೆಸ್ಕ್‌ಟಾಪಿನ ಮೂಲೆಯಲ್ಲಿ ಅದೇ ಕರಡಿ.

ಇದಕ್ಕೆ ಧರ್ಮಶಾಸ್ತ್ರದ ತೊಡಕೂ ಉಂಟು. 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮಾವಳಿ ತಂದಿತು. ಗಿರಾಕಿಗಳ ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಯಾರು ಯಾವ ವೆಬ್‌ಸೈಟ್ ನೋಡಿದರೆಂಬ ದಾಖಲೆ ಕನಿಷ್ಠ ಒಂದು ವರ್ಷ ಇರಬೇಕು ಎಂದಿತು. ಮಾಲೀಕನ ಕಂಪ್ಯೂಟರಿನ ವ್ರತವೋ ಪ್ರತಿ ರೀಸ್ಟಾರ್ಟಿಗೂ ಮರೆಯುವುದು, ಮಾಲೀಕನ ಕರ್ತವ್ಯವೋ ವರ್ಷವಿಡೀ ನೆನಪಿಡುವುದು. ಇಲ್ಲಿ ಶ್ರುತಿ ಬಲವೋ ಸ್ಮೃತಿ ಬಲವೋ ಎಂಬ ಪ್ರಶ್ನೆಯನ್ನು ಪಂಡಿತರು ಎತ್ತಲಿಲ್ಲ. ಕೌಂಟರಿನ ಮೇಲೆ ದಾರ ಕಟ್ಟಿದ ಪೆನ್ನು, ಉದ್ದನೆಯ ರಿಜಿಸ್ಟರ್ ಪುಸ್ತಕ ಇಟ್ಟು ಮಾಲೀಕರೇ ಸಮನ್ವಯ ಮಾಡಿಕೊಂಡರು.

ಈಗ ಮುಖ್ಯ ವಿಷಯ. ಫೈಲೊಂದನ್ನು ಸೇವ್ ಮಾಡಿದರೆ ಆ ಆಜ್ಞೆ ನೆಟ್ಟಗೆ ಡಿಸ್ಕಿಗೆ ಹೋಗುವುದಿಲ್ಲ. ಫೈಲ್ ಸಿಸ್ಟಮ್, ವಾಲ್ಯೂಮ್, ಡಿಸ್ಕ್ ಡ್ರೈವರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಫಿಲ್ಟರ್ ಡ್ರೈವರ್ ಎಂಬ ಅಧಿಕಾರಿ ಕೂರಬಹುದು, ಕೂತು, ಹೋಗುವ ಕಾಗದವನ್ನು ತಡೆದು, “ನೂರನೇ ಸೆಕ್ಟರಿಗೆ ಎಂದಿದೆಯಾ? ಅದನ್ನು ಐದು ಸಾವಿರಕ್ಕೆ ಹಾಕು, ಮೇಲಿನವರಿಗೆ ಹೇಳಬೇಡ” ಎನ್ನಬಹುದು. ನಮ್ಮ ಎರಡೂ ಪಂಥಗಳ ವಿದ್ಯೆ ಇಷ್ಟೇ. ಸ್ನ್ಯಾಪ್‌ಶಾಟ್ ಪಂಥ ಹಳೆಯ ಸೆಕ್ಟರನ್ನು ಅಳಿಸಲು ಬಿಡದೆ ಹೊಸದನ್ನು ಬೇರೆಡೆ ಬರೆಸುತ್ತದೆ, ಎಲ್ಲಿ ಬರೆಯಿತೆಂಬ ಸೂಚಿಯನ್ನು ಜೋಪಾನವಾಗಿಡುತ್ತದೆ. ವರ್ಚುವಲೈಸೇಷನ್ ಪಂಥವೂ ಬೇರೆಡೆಗೇ ಬರೆಸುತ್ತದೆ, ರೀಸ್ಟಾರ್ಟ್ ಆದಾಗ ಸೂಚಿಯನ್ನು ಹರಿದೆಸೆಯುತ್ತದೆ. ಕಸುಬು ಒಂದೇ, ವೈರಾಗ್ಯದಲ್ಲಿ ಮಾತ್ರ ಅಂತರ.

ಹಿಂದಿನ ಕಾಲದ ಹಳ್ಳಿಯಲ್ಲಿ ಜಮೀನು ಎಲ್ಲಿದೆಯೆಂಬುದು ಜಮೀನಿಗಿಂತ ಶಾನುಭೋಗರ ಲೆಕ್ಕಕ್ಕೆ ಚೆನ್ನಾಗಿ ಗೊತ್ತಿತ್ತು. ಅಂಥ ಹಳ್ಳಿಗೆ ಇಬ್ಬರು ಶಾನುಭೋಗರನ್ನು ನೇಮಿಸಿ, ಒಬ್ಬರಿಗೆ ಇನ್ನೊಬ್ಬರ ಸುದ್ದಿ ತಿಳಿಸದೆ, ಇಬ್ಬರ ಕೈಗೂ ಖಾಲಿ ಜಾಗ ಹಂಚುವ ಅಧಿಕಾರ ಕೊಟ್ಟರೆ ಏನಾದೀತೋ ಡಬಲ್ ಸೇಫ್ಟಿ ಮಾಡಿದ ಡಿಸ್ಕಿನಲ್ಲಿ ಆಗುವುದೂ ಅದೇ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. “ಒಬ್ಬರು ಕೆಳಗಿನ ಮೆಟ್ಟಿಲಲ್ಲಿ, ಇನ್ನೊಬ್ಬರು ಮೇಲಿನದರಲ್ಲಿ ಕೂತರೆ ಜಗಳವೆಲ್ಲಿ?” ಆಕ್ಷೇಪ ಸಮಂಜಸವಾಗಿದೆ, ಆದ್ದರಿಂದಲೇ ಅಪಾಯಕಾರಿ.

ಸ್ನ್ಯಾಪ್‌ಶಾಟ್ ಶಾನುಭೋಗರು ಕೆಳಗೆ ಕೂತಿದ್ದಾರೆಂದು ಇಟ್ಟುಕೊಳ್ಳೋಣ. ನೀವು ಮೇಲಿನವರ ಅಭಯದಲ್ಲಿ ನಾಲ್ಕು ಜಿಬಿಯ ಸಿನಿಮಾ ಇಳಿಸಿಕೊಳ್ಳುತ್ತೀರಿ. ಹೇಗೂ ರೀಸ್ಟಾರ್ಟಿನಲ್ಲಿ ಹೋಗುವ ಮಾಯೆ ಎಂದು ಮೇಲಿನವರು ಅದನ್ನು ಖಾಲಿ ಜಾಗಕ್ಕೆ ತಳ್ಳುತ್ತಾರೆ. ಕೆಳಗಿನವರಿಗೆ ಮಾಯೆ ಗೀಯೆ ಗೊತ್ತಿಲ್ಲ. ನಾಲ್ಕು ಜಿಬಿ ಹೊಸ ಬರಹ ಬಂತು, ದಾಖಲಿಸಿಕೊಂಡರು. ಅದೇ ಹೊತ್ತಿಗೆ ಅವರು ಗಂಟೆಗೊಮ್ಮೆ ತೆಗೆಯುವ ಸ್ನ್ಯಾಪ್‌ಶಾಟೂ ಆಯಿತು. ಸಂಜೆ ರೀಸ್ಟಾರ್ಟ್. ನಡೆದದ್ದೇ ಇಲ್ಲವೆಂದು ಮೇಲಿನವರು ಘೋಷಿಸಿದ ಘಟನೆಯ ಸಂಪೂರ್ಣ ಕಡತ ಕೆಳಗಿನವರ ಬಳಿ ಭದ್ರವಾಗಿದೆ. ಹೀಗೆ ಒಂದು ವಾರ ಕಳೆದರೆ ಡಿಸ್ಕ್ ತುಂಬುತ್ತದೆ. ವಿಂಡೋಸ್ ಲೆಕ್ಕದಲ್ಲಿ ಧಾರಾಳ ಜಾಗವಿದೆ, ಬರೆಯಲು ಹೋದರೆ ಜಾಗವಿಲ್ಲ. ನಡುವೆ ಯಾರೋ ಪುಣ್ಯಾತ್ಮರು ಡಿಫ್ರಾಗ್ ಓಡಿಸಿದರಂತೂ ಮುಗಿಯಿತು. ಸರಿಸಿದ ಪ್ರತಿ ತುಣುಕೂ ಕೆಳಗಿನವರ ಪಾಲಿಗೆ ಹೊಸ ದಸ್ತಾವೇಜು.

ತಿರುಗಿಸಿ ನೋಡೋಣ. ವೈರಾಗಿಗಳು ಕೆಳಗೆ, ಸ್ನ್ಯಾಪ್‌ಶಾಟಿನವರು ಮೇಲೆ. ಮೇಲಿನವರು ಶ್ರದ್ಧೆಯಿಂದ ಬೆಳಿಗ್ಗೆಯೊಂದು ಸ್ನ್ಯಾಪ್‌ಶಾಟ್, ಮಧ್ಯಾಹ್ನವೊಂದು ಸ್ನ್ಯಾಪ್‌ಶಾಟ್ ತೆಗೆದು ಸೂಚಿ ಬರೆದಿಡುತ್ತಾರೆ. ಆ ಸೂಚಿಯೂ ಡಿಸ್ಕಿನ ಮೇಲೆಯೇ ಬರೆದದ್ದು ತಾನೆ? ರೀಸ್ಟಾರ್ಟಿನಲ್ಲಿ ಅದೂ ಹೋಗುತ್ತದೆ. ಹೆಪ್ಪುಗಟ್ಟಿದ ಯಂತ್ರದಲ್ಲಿ ಮಾಡಿದ ವಿಂಡೋಸ್ ರಿಸ್ಟೋರ್ ಪಾಯಿಂಟ್‌ಗಳ ಗತಿಯೂ ಇದೇ. ನೆನ್ನೆಗೆ ಹಿಂದಿರುಗಲು ಹೋದವನಿಗೆ ನೆನ್ನೆ ಎಂಬುದೇ ಪಟ್ಟಿಯಲ್ಲಿಲ್ಲ. ಇದು ಮೊದಲಿನದಕ್ಕಿಂತ ಸೌಮ್ಯವಾದ ದುರಂತ, ಏಕೆಂದರೆ ಇಲ್ಲಿ ಡಿಸ್ಕ್ ಹಾಳಾಗುವುದಿಲ್ಲ, ಕೊಟ್ಟ ದುಡ್ಡು ಮಾತ್ರ ಹಾಳು.

ಇಬ್ಬರೂ ಒಂದೇ ಮೆಟ್ಟಿಲಿಗೆ ಹಟ ಹಿಡಿದಾಗಿನ ಕಥೆ ಕರಾಳವಾದದ್ದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಎಂಬಿಆರ್ ಎನ್ನುತ್ತಾರೆ. 1983ರ ಪಿಸಿ ಡಾಸ್ 2.0 ಕಾಲದಿಂದ ಬಂದ ಆಸ್ತಿ, ಒಟ್ಟು 512 ಬೈಟ್. ಅದರಲ್ಲಿ 446 ಬೈಟ್ ಯಂತ್ರವನ್ನು ಎಬ್ಬಿಸುವ ಮಂತ್ರಕ್ಕೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಚೆಕ್ಕುಬಂದಿಗೆ, ಉಳಿದೆರಡು ಬೈಟಿನಲ್ಲಿ 55, ಎಎ ಎಂಬ ಮುಕ್ತಾಯದ ಗುರುತು. ನಮ್ಮ ಯಕ್ಷಗಾನದಂತೆಯೇ ಇಲ್ಲಿಯೂ ಮಂಗಳ ಕೊನೆಗೆ. ಈ 446 ಬೈಟಿನ ಜಗಲಿಗಾಗಿ ನಡೆದಷ್ಟು ಕಾದಾಟ ದೊಡ್ಡ ಡಿಸ್ಕಿನ ಉಳಿದ ಭಾಗಕ್ಕೆ ನಡೆದಿಲ್ಲ. ಮೊದಲು ಬಂದ ತಂತ್ರಾಂಶ ಅಲ್ಲಿದ್ದ ಮಂತ್ರವನ್ನು ಎತ್ತಿ ಬೇರೆಡೆ ಬಚ್ಚಿಟ್ಟು ತನ್ನದನ್ನು ಬರೆಯುತ್ತದೆ. ಎರಡನೆಯದು ಬಂದು, ಮೊದಲಿನದರ ಮಂತ್ರವನ್ನೇ ಮೂಲಪ್ರತಿಯೆಂದು ನಂಬಿ, ಅದನ್ನು ಬಚ್ಚಿಟ್ಟು ತನ್ನದನ್ನು ಬರೆಯುತ್ತದೆ. ಇಷ್ಟರವರೆಗೆ ಕ್ಷೇಮ. ನೀವು ಮೊದಲನೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದಿರೋ, ಅದು ಸಜ್ಜನಿಕೆಯಿಂದ ತಾನು ಬಚ್ಚಿಟ್ಟಿದ್ದ ನಿಜವಾದ ಮೂಲವನ್ನು ತಂದು ಸ್ವಸ್ಥಾನದಲ್ಲಿಟ್ಟು ಹೊರಡುತ್ತದೆ. ಎರಡನೆಯದು ಬೀದಿಪಾಲು, ಅದರ ಸೂಚಿ ಓದುವವರಿಲ್ಲ, ಸ್ನ್ಯಾಪ್‌ಶಾಟ್‌ಗಳು ಅನಾಥ. ಆದ್ದರಿಂದ ಈ ಶಾಸ್ತ್ರದಲ್ಲಿ ಕೊನೆಗೆ ಬಂದವರು ಮೊದಲು ಹೊರಡಬೇಕು. ಬೇರೆ ಯಾವ ಮನೆಯಲ್ಲೂ ನೆಂಟರಿಗೆ ಈ ನಿಯಮವಿಲ್ಲ. ಟಿಡಿಎಲ್-4 ಎಂಬ ದುಷ್ಟ ತಂತ್ರಾಂಶವೂ ಇದೇ ಜಗಲಿಯಲ್ಲಿ ಮಲಗುತ್ತಿತ್ತೆಂಬುದನ್ನು ನೆನೆದರೆ, 446 ಬೈಟಿನಲ್ಲಿ ಯಾರು ರಕ್ಷಕ ಯಾರು ತಕ್ಷಕ ಎಂದು ಹೇಳುವುದು ಕಷ್ಟ.

ಸಿದ್ಧಾಂತಕ್ಕೆ ಬರುವ ಮುನ್ನ ಎಸ್‌ಎಸ್‌ಡಿಯ ವಿಚಾರ ಹೇಳಲೇಬೇಕು. ಅದರೊಳಗಿನ ಕಂಟ್ರೋಲರ್ ಸ್ವತಃ ಮೂರನೆಯ ಶಾನುಭೋಗ. ಫ್ಲ್ಯಾಶ್ ಸಮನಾಗಿ ಸವೆಯಲೆಂದು ಯಾವ ಬರಹವನ್ನು ಎಲ್ಲಿಡಬೇಕೆಂಬ ಗುಪ್ತ ನಕ್ಷೆಯನ್ನು ಅದೂ ಇಟ್ಟುಕೊಂಡಿದೆ. ಫೈಲ್ ಅಳಿಸಿದಾಗ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆದೇಶ ಕಳಿಸಿ “ಈ ಜಾಗ ಇನ್ನು ಬೇಡ, ಗುಡಿಸಿಬಿಡು” ಎನ್ನುತ್ತದೆ. ಆದರೆ ಅಳಿಸಿದ್ದನ್ನು ಉಳಿಸುವುದೇ ಸ್ನ್ಯಾಪ್‌ಶಾಟಿನ ಜೀವನೋದ್ದೇಶ. ಅದು ನಡುದಾರಿಯಲ್ಲಿ ಟ್ರಿಮ್ಮನ್ನು ತಡೆಯದಿದ್ದರೆ ಕಡತದಲ್ಲಿ ಜಮೀನು ಇರುತ್ತದೆ, ಊರಲ್ಲಿ ಇರುವುದಿಲ್ಲ.

ಕಾಲದಲ್ಲಿ ಹಿಂದೆ ಹೋದವನನ್ನು ಉಳಿದ ಜಗತ್ತು ಹೇಗೆ ನೋಡುತ್ತದೆಂಬ ಪ್ರಶ್ನೆಯನ್ನು ಎರಡೂ ಪಂಥದವರು ಮರೆತಿದ್ದಾರೆ. ಆಫೀಸಿನ ವಿಂಡೋಸ್ ಡೊಮೇನಿಗೆ ಸೇರಿದ ಕಂಪ್ಯೂಟರ್ 30 ದಿನಕ್ಕೊಮ್ಮೆ ಸರ್ವರಿನ ಜೊತೆಗಿನ ತನ್ನ ಗುಪ್ತ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುತ್ತದೆ. ಹೆಪ್ಪುಗಟ್ಟಿದ ಯಂತ್ರವೂ ಬದಲಿಸಿಕೊಂಡಿತು, ಸರ್ವರ್ ಬರೆದುಕೊಂಡಿತು. ರೀಸ್ಟಾರ್ಟ್ ಆದ ಮೇಲೆ ಯಂತ್ರಕ್ಕೆ ಹಳೆಯದೇ ನೆನಪು. ಸೋಮವಾರ ಬೆಳಿಗ್ಗೆ ಲಾಗಿನ್ ಪರದೆ, ನಿನ್ನ ಮೇಲಿದ್ದ ವಿಶ್ವಾಸ ಮುರಿದಿದೆ ಎಂಬರ್ಥದ ವಾಕ್ಯವನ್ನು ತೋರಿಸುತ್ತದೆ. ಕಂಪ್ಯೂಟರುಗಳ ಲೋಕದಲ್ಲಿ ಇಷ್ಟು ಭಾವುಕವಾದ ದೋಷಸಂದೇಶ ವಿರಳ. ಸರ್ವರೇ ಸ್ನ್ಯಾಪ್‌ಶಾಟಿನಲ್ಲಿ ಹಿಂದೆ ಹೋದರೆ ಕಥೆ ಇನ್ನೂ ಕೆಟ್ಟದ್ದು. ತಾನು ಹಿಂದೆ ಬಂದಿದ್ದೇನೆಂಬುದು ಅದಕ್ಕೇ ತಿಳಿಯದೆ, ಜೊತೆಯ ಸರ್ವರುಗಳಿಗೆ ಹಳೆಯ ಕ್ರಮಸಂಖ್ಯೆಗಳನ್ನೇ ಮತ್ತೆ ಹೇಳುತ್ತಾ ಕೂರುತ್ತಿತ್ತು. ವಿಂಡೋಸ್ ಸರ್ವರ್ 2012ರಲ್ಲಿ ಮೈಕ್ರೋಸಾಫ್ಟ್, ವರ್ಚುವಲ್ ಯಂತ್ರ ಹಿಂದೆ ಸರಿದರೆ ಅದರ ಕಿವಿಯಲ್ಲಿ ಊದುವ ಒಂದು ಗುರುತಿನ ಸಂಖ್ಯೆಯನ್ನೇ ಕಲ್ಪಿಸಬೇಕಾಯಿತು.

ಉತ್ತರಪಕ್ಷದಲ್ಲಿ ಕೆಲವರು ವರ್ಚುವಲ್ ಮೆಷಿನ್ನಿನ ಕಡೆ ಬೆರಳು ತೋರುತ್ತಾರೆ. ಅಲ್ಲಿ ಸ್ನ್ಯಾಪ್‌ಶಾಟೂ ವರ್ಚುವಲ್ ಡಿಸ್ಕೂ ಒಬ್ಬರ ಕೈಯಲ್ಲೇ ಇರುವುದರಿಂದ ಲೆಕ್ಕ ಒಂದೇ. ಈ ಮತಕ್ಕೆ ನಮ್ಮ ಒಲವಿದೆ, ಅಂಧಭಕ್ತಿಯಿಲ್ಲ. ವಿಎಂವೇರ್ ಕಂಪನಿಯೇ ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ತಿಳಿಯಬೇಡಿ ಎನ್ನುತ್ತದೆ. ಸರಪಳಿಯಲ್ಲಿ 32ರವರೆಗೆ ಅನುಮತಿಯಿದೆ, ಹಿತವಾದದ್ದು ಎರಡು ಮೂರು. ಮೈಕ್ರೋಸಾಫ್ಟಿನ ವಿಎಚ್‌ಡಿ ಸಂಪ್ರದಾಯದಲ್ಲೂ ಮಗ ಡಿಸ್ಕಿನ ಜಾತಕದಲ್ಲಿ ತಂದೆ ಡಿಸ್ಕಿನ ಗುರುತು ಬರೆದಿರುತ್ತದೆ. ಮಗ ಹುಟ್ಟಿದ ಮೇಲೆ ತಂದೆ ಒಂದಕ್ಷರ ಬದಲಾದರೂ ಮಗ ಕೆಲಸಕ್ಕೆ ಬಾರದವನಾಗುತ್ತಾನೆ.

ಇನ್ನು ತೀರ್ಪು. ಮೂಲಸೂತ್ರದ ‘ಡಬಲ್’ ಭಾಗ ಪ್ರಾಮಾಣಿಕ, ‘ಸೇಫ್ಟಿ’ ಭಾಗ ಪ್ರಕ್ಷಿಪ್ತ. ಹತ್ತಾರು ಮಂದಿ ಮುಟ್ಟುವ ಲ್ಯಾಬಿನ ಕಂಪ್ಯೂಟರಿಗೆ ವೈರಾಗಿ ಒಬ್ಬನೇ ಸಾಕು. ಪ್ರಯೋಗಶೀಲ ಗೃಹಸ್ಥನಿಗೆ ಸ್ನ್ಯಾಪ್‌ಶಾಟ್ ಒಂದೇ ಸಾಕು. ಎರಡೂ ಬೇಕೆಂಬ ಹಟದವರು ವರ್ಚುವಲ್ ಮೆಷಿನ್ನಿನೊಳಗೆ ಬೇಕಾದಷ್ಟು ಹಾಳು ಮಾಡಿಕೊಳ್ಳಲಿ. ಯಾವ ಪಂಥಕ್ಕೆ ಸೇರುವ ಮುನ್ನವೂ ಓದುಗರು ಮಕ್ಕಳ ಫೋಟೋ, ಮನೆಯ ಕಾಗದಪತ್ರ, ಅರ್ಧ ಬರೆದ ಪ್ರಬಂಧಗಳನ್ನು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ಆಮೇಲೆ ಆ ಡಿಸ್ಕಿನ ಕೇಬಲ್ ಕಿತ್ತು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ರಿಪೇರಿ ಅಂಗಡಿಯ ಹುಡುಗನಿಗೆ ಮಾತ್ರ ಕೊಡಬೇಡಿ.